ಎರಡು ಬಾಟಲು ತುಂಬಿದೆ

ಹಿತ್ತಾಳೆ ಚೊಂಬಿನ ಬಾಯಿಗೆ ಬಾಳೆಲೆ ಮುಚ್ಚಿ ದಾರ ಬಿಗಿದಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟ ಹೆಂಗಸು ದಾರ ಬಿಚ್ಚಿದರು. ನಾನು ನೀರು ಕುಡಿಯುತ್ತಿದ್ದ ಗಾಜಿನ ಲೋಟವನ್ನು ಕೇಳದೆಯೇ ಎಳೆದುಕೊಂಡು, ಅದರಲ್ಲಿದ್ದುದನ್ನು ಕಿಟಕಿಯಾಚೆ ಚೆಲ್ಲಿ, ಚೊಂಬಿನ ನೀರನ್ನು ಸುರಿದರು. ಚೊಂಬಿನಲ್ಲಿ ಕಾಣದಿದ್ದ ಬಣ್ಣ ಲೋಟದಲ್ಲಿ ಕಂಡಿತು. ನಿಂಬೆಯ ಸಿಪ್ಪೆಯ ಹಳದಿ, ಅಂಚಿನಲ್ಲಿ ತುಸು ಹಸಿರು.

“ಕುಡೀರಿ ಸಾಮಿ,” ಅಂದರು. “ನಮ್ಮೂರಿಗೆ ನೆಂಟ್ರು ಬಂದ್ರೆ ಇದ್ನೇ ಕೊಡೋದು.”

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನೀರನ್ನು ಕೆಡಿಸುವ ಕಾರ್ಖಾನೆಗಳನ್ನು ಕೋರ್ಟಿಗೆ ಎಳೆಯಬಹುದಾದ ಕಾಯಿದೆ ಬಂದು ಕೆಲವೇ ವರ್ಷಗಳಾಗಿದ್ದವು. ಆ ಕಾಯಿದೆಯ ಕೆಲಸಕ್ಕೆಂದು ಕುಕ್ ಟೌನಿನ ಒಂದು ಹಳೆಯ ಬಂಗಲೆಯಲ್ಲಿ ನಮ್ಮ ಕಚೇರಿ ನಡೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಫೈಲು, ಹಿಂದಿನ ಅಡುಗೆಮನೆಯಲ್ಲಿ ಪ್ರಯೋಗಾಲಯ. ಒಲೆಯಿದ್ದ ಕಟ್ಟೆಯ ಮೇಲೆ ಗಾಜಿನ ನಳಿಗೆಗಳು. ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದ ನನ್ನ ಕೆಲಸ ಕಾರ್ಖಾನೆಗಳ ಮೋರಿಯಿಂದ ನೀರಿನ ಮಾದರಿ ತರುವುದು.

ಹೆಂಗಸು ಬಂದದ್ದು ಕೆ.ಆರ್. ಪುರದಾಚೆ, ಕೆರೆಯ ಕೆಳಗಿನ ಹಳ್ಳಿಯಿಂದ. ಗಂಡ ತೀರಿಕೊಂಡಿದ್ದರು. ಮನೆತನದ ಹೊಲದಲ್ಲಿ ಮುಕ್ಕಾಲು ಪಾಲನ್ನು ಭಾವ ಮಾರಿಬಿಟ್ಟಿದ್ದ. ಅಲ್ಲೇ ಒಂದು ಕ್ರೋಮಿಯಂ ಲೇಪನದ ಕಾರ್ಖಾನೆ ಎದ್ದಿತ್ತು. ಸೈಕಲ್ ಹ್ಯಾಂಡಲು, ಬಾಗಿಲ ಹಿಡಿ, ಯಂತ್ರದ ಬಿಡಿಭಾಗಗಳಿಗೆ ಹೊಳಪು ಕೊಡುವ ಕೆಲಸ. ಉಳಿದ ಕಾಲು ಪಾಲಿನಲ್ಲಿ ಈಕೆ ದಂಟು, ಹರಿವೆ, ಮೆಂತ್ಯ ಬೆಳೆದು ಮೊದಲ ಬಸ್ಸಿಗೆ ಶಿವಾಜಿನಗರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು. ಆ ಜಮೀನಿನ ಬಾವಿ ಇವರದೇ. ಮೂವತ್ತು ಮನೆ ಅದರಿಂದಲೇ ಕುಡಿಯುತ್ತಿದ್ದವು. ಎಮ್ಮೆ ನೀರು ಮೂಸಿ ಮುಖ ತಿರುಗಿಸಿದ್ದನ್ನು ಕಂಡು ಈಕೆ ಮೊದಲು ಎಮ್ಮೆಗೆ ಬೈದರಂತೆ, ಆಮೇಲೆ ಬಾವಿಗೆ ಇಣುಕಿದರಂತೆ.

ಲೋಟವನ್ನು ಅಡುಗೆಮನೆಗೆ ಒಯ್ದೆ. ಅವರೂ ಬಂದರು. ನಳಿಗೆಯಲ್ಲಿ ನೀರು ತೆಗೆದುಕೊಂಡು ಎರಡು ತೊಟ್ಟು ಆಮ್ಲ, ಆಮೇಲೆ ಕ್ರೋಮಿಯಂ ಪತ್ತೆ ಹಚ್ಚುವ ದ್ರಾವಣ ಹಾಕಿದೆ. ಬಣ್ಣ ಬರಲು ಐದು ನಿಮಿಷ ಕಾಯಬೇಕೆಂದು ಪುಸ್ತಕ ಹೇಳುತ್ತದೆ. ಪಿಪೆಟ್ ಕೆಳಗಿಡುವಷ್ಟರಲ್ಲಿ ನಳಿಗೆ ನೇರಳೆ ಬೆರೆತ ಕೆಂಪಾಯಿತು.

“ಅಯ್ಯೋ,” ಅಂದರು ಆಕೆ, “ಅರಿಶಿನ ಹೋಗಿ ಕುಂಕುಮ ಆಯ್ತಲ್ಲ!”

ನಗಬೇಕೆನಿಸಿತು, ನಗಲಿಲ್ಲ. ಕುಡಿಯುವ ನೀರಿನಲ್ಲಿ ಅಷ್ಟು ಬಣ್ಣ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಇದನ್ನ ಯಾರೂ ಕುಡೀಬೇಡಿ,” ಅಂದೆ.

“ಮತ್ತೇನ್ ಕುಡೀಲಿ?”

ನಾನು ಕಾಯಿದೆ ವಿವರಿಸಿದೆ. ಆಕೆ ತಂದ ಚೊಂಬು ಕೋರ್ಟಿನಲ್ಲಿ ನಡೆಯುವುದಿಲ್ಲ. ಅಧಿಕಾರಿಯೇ ಕಾರ್ಖಾನೆಯ ಮೋರಿಯಿಂದ ಮಾದರಿ ತೆಗೆಯಬೇಕು. ಅಲ್ಲೇ, ಆಗಲೇ ನೋಟೀಸು ಕೊಡಬೇಕು. ಕಾರ್ಖಾನೆಯವರು ಕೇಳಿದರೆ ಅವರ ಕಣ್ಣೆದುರು ಮಾದರಿಯನ್ನು ಎರಡು ಭಾಗ ಮಾಡಿ, ಎರಡಕ್ಕೂ ಅರಗಿನ ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಒಂದು ಭಾಗ ನಮ್ಮ ಪ್ರಯೋಗಾಲಯಕ್ಕೆ, ಇನ್ನೊಂದು ಬೇರೊಂದು ಸರ್ಕಾರಿ ಪ್ರಯೋಗಾಲಯಕ್ಕೆ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ವರದಿ ಸಾಕ್ಷ್ಯವಾಗುವುದಿಲ್ಲ.

“ಅಷ್ಟೇ ತಾನೆ,” ಅಂದರು. “ಮಾಡಿ ಮತ್ತೆ.”

ಮೊದಲ ಸಲ ಹೋದಾಗ ಕಾರ್ಖಾನೆಯ ಮ್ಯಾನೇಜರು ಗೇಟಿನಲ್ಲೇ ಕಾದಿದ್ದರು. ನಾವು ಬರುವ ಸುದ್ದಿಯನ್ನು ನಮ್ಮ ಕಚೇರಿಯ ಪತ್ರವೇ ಎರಡು ದಿನ ಮುಂಚೆ ತಿಳಿಸಿತ್ತು. ತಪಾಸಣೆಗೆ ಮುನ್ನ ಪತ್ರ ಬರೆಯುವುದು ಮರ್ಯಾದೆಯೆಂದು ಆಗ ನಾವೆಲ್ಲ ನಂಬಿದ್ದೆವು. ಮೋರಿಯಲ್ಲಿ ಬೆರಳ ಗಾತ್ರದ ತಿಳಿ ನೀರು ಹರಿಯುತ್ತಿತ್ತು. ಬಗ್ಗಿ ಮೂಸಿದೆ. ನಗರದ ನಲ್ಲಿ ನೀರಿನ ಕ್ಲೋರಿನ್ ವಾಸನೆ. ಆ ಕಡೆ ನಲ್ಲಿಯೇ ಇರಲಿಲ್ಲ. ಗೋಡೆಯ ಪಕ್ಕ ಒಂದು ಟ್ಯಾಂಕರ್ ನಿಂತಿತ್ತು.

“ಟೆಸ್ಟ್ ಮಾಡಿ ಸರ್. ಬೇಕಾದ್ರೆ ಕುಡೀರಿ, ನಾನೇ ಲೋಟ ತರಿಸ್ತೀನಿ,” ಅಂದರು ಮ್ಯಾನೇಜರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಷರ್ಟು, ದನಿ ಎಂದೂ ಏರದ ಮನುಷ್ಯ. ಕಾಫಿ ಕೊಟ್ಟರು. “ಹೊಸ ತಿಪ್ಪಸಂದ್ರದಲ್ಲಿ ಮನೆ ಕಟ್ತಿದೀರಂತೆ. ಮಾರ್ಕೆಟ್ ರೋಡಿಂದ ಮೂರನೇ ತಿರುವು. ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲ, ಅಲ್ವಾ? ಮಳೆಗಾಲದ ಒಳಗೆ ಮುಗಿಸ್ಕೊಳ್ಳಿ ಸರ್. ಗೋಡೆ ನೆನೆದ್ರೆ ಕಷ್ಟ.”

ನಾನು ಮನೆಯ ಮಾತನ್ನು ಅವರಿಗೆ ಹೇಳಿರಲಿಲ್ಲ. ಕಾಫಿ ಕುಡಿದು ಮುಗಿಸಿದೆ. ಲೋಟವನ್ನು ಸದ್ದಾಗದಂತೆ ಕೆಳಗಿಟ್ಟೆನೆಂದು ನೆನಪು. ಇಂಥ ನೆನಪನ್ನು ಎಷ್ಟು ನಂಬಬಹುದೆಂಬುದು ಮುಂದೆ ಬರುತ್ತದೆ.

ಜೀಪಿನಲ್ಲಿ ಡ್ರೈವರ್ ನಗುತ್ತಿದ್ದ. ಶಿವಾಜಿನಗರದವನು, ನಾಲ್ಕು ಭಾಷೆಯಲ್ಲೂ ಬೈಯಬಲ್ಲವನು. “ಕ್ಯಾ ಸಾರ್, ಎಂ.ಎಸ್ಸಿ. ಓದಿ ನೀರು ನೋಡ್ತೀರಾ. ಗೋಡೆ ನೋಡ್ಬೇಕಿತ್ತು. ಮೋರಿ ಗೋಡೆ ಮೇಲೆ ಮೊಳ ಎತ್ತರಕ್ಕೆ ಹಳದಿ ಗೆರೆ ಇದೆ. ಬೆರಳ ಗಾತ್ರದ ನೀರು ಅಷ್ಟು ಎತ್ತರ ಹೆಂಗೆ ಹತ್ತುತ್ತೆ?”

ಅವನು ಹೇಳಿದ್ದು ಸರಿಯಾಗಿತ್ತು. ದಿನಕ್ಕೊಮ್ಮೆ, ಸ್ವಲ್ಪ ಹೊತ್ತು, ಮೊಳ ಎತ್ತರ ಹರಿಯುತ್ತಿತ್ತು. ಯಾವಾಗ ಎಂಬುದನ್ನು ಹೇಳಿದವರು ಬಾವಿಯ ಹೆಂಗಸು: ಬೆಳಗಿನ ಎರಡನೇ ಸೈರನ್ ಆದ ಕೂಡಲೇ, ಲೇಪನ ತೊಳೆದ ತೊಟ್ಟಿಗಳನ್ನು ಖಾಲಿ ಮಾಡುವಾಗ. ಮೋರಿ ನೀರು ಗೋಡೆಯಾಚೆ ಒಂದು ಹೊಂಡಕ್ಕೆ ಬಿದ್ದು ಇಂಗುತ್ತಿತ್ತು. ಹೊಂಡದಿಂದ ಬಾವಿಗೆ ಇನ್ನೂರು ಹೆಜ್ಜೆಯೂ ಇಲ್ಲ.

ಎರಡನೇ ಸಲ ಪತ್ರ ಬರೆಯಲಿಲ್ಲ. ಹಲಸೂರು ದಾಟಿ ಹಳೆ ಮದ್ರಾಸ್ ರಸ್ತೆಯಲ್ಲಿ ಹೋಗುವಾಗ ಜೀಪು ಕಾದು ಹೊಗೆಯುಗುಳಿತು. ಹಳ್ಳಿಯ ತಿರುವಿನಲ್ಲಿ ನಿಲ್ಲಿಸಿ, ಡ್ರೈವರ್ ಬಾನೆಟ್ ಎತ್ತಿದ. ಅಷ್ಟರಲ್ಲಿ ಸೈರನ್ ಆಯಿತು. ನಾನು ಬಾಟಲುಗಳ ಪೆಟ್ಟಿಗೆ ಎತ್ತಿಕೊಂಡು ಓಡಿದೆ. ಬಸ್ ಸ್ಟಾಪಿನಲ್ಲಿದ್ದ ಇಬ್ಬರನ್ನು ಪಂಚ ಸಾಕ್ಷಿಗಳಾಗಿ ಬನ್ನಿರೆಂದು ಕರೆದೆ. ವಾಸನೆಗೆ ಅಂಜಿ ಅವರು ದೂರವೇ ನಿಂತರು.

ಮೋರಿಯ ಬಾಯಿ ಒಮ್ಮೆ ತೇಗಿತು. ಆಮೇಲೆ ಹಳದಿ ಬಂತು. ಆ ಬಣ್ಣವನ್ನು ನಾನು ಪ್ರಯೋಗಾಲಯದ ಬಾಟಲಿನಲ್ಲಿ ಕಂಡಿದ್ದೆ, ನೆಲದ ಮೇಲೆ ಹರಿಯುವುದನ್ನು ಕಂಡಿರಲಿಲ್ಲ. ನೀರಿನ ಮೇಲೆ ತೆಳುವಾದ ಆವಿಯಿತ್ತು, ಮೂಗಿನೊಳಗೆ ಉರಿ. ಹೊಂಡದ ಸುತ್ತ ಒಂದು ಹುಲ್ಲಿನ ಗರಿಯೂ ಇರಲಿಲ್ಲ.

ನಾನು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಮ್ಯಾನೇಜರು ನಡೆದುಕೊಂಡೇ ಬಂದು ಪಕ್ಕದಲ್ಲಿ ನಿಂತರು. ನೋಟೀಸನ್ನು ಎರಡು ಸಲ ಓದಿದರು.

“ನನಗೂ ಒಂದು ಭಾಗ ಬೇಕು ಸರ್. ಇನ್ನೊಂದು ಲ್ಯಾಬಿಗೆ ಕಳಿಸಿ. ಕಾಯಿದೆಲಿ ಇದೆ ಅಲ್ವಾ?”

“ಇದೆ.”

“ನಿಧಾನವಾಗಿ ಮಾಡಿ. ಅವಸರದಲ್ಲಿ ತಪ್ಪಾಗುತ್ತೆ.”

ಗಾಳಿ ಜೋರಾಗಿತ್ತು. ಅರಗಿಗೆ ಕಡ್ಡಿ ಗೀರಿದರೆ ಆರುತ್ತಿತ್ತು. ಕೊನೆಗೆ ಮ್ಯಾನೇಜರೇ ಎರಡೂ ಅಂಗೈ ಮರೆ ಹಿಡಿದರು. ಬಾಟಲುಗಳ ಮೇಲೆ ಸಹಿ ಹಾಕಿ, ಮಹಜರಿನ ಕೆಳಗೂ ಸಹಿ ಹಾಕಿದರು. ಮಹಜರನ್ನು ನಮ್ಮ ಗುಮಾಸ್ತರು ಹಿಂದಿನ ದಿನವೇ ಮುದ್ದಾದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಹೆಸರು, ಹೊತ್ತು ತುಂಬುವುದಷ್ಟೇ ಬಾಕಿ. ‘ಸದರಿ ಮಾದರಿಯನ್ನು ಸದರಿಯವರ ಸಮಕ್ಷಮ ಎರಡು ಭಾಗ ಮಾಡಿ’ ಎಂಬ ಸಾಲು ಅದರಲ್ಲಿ ಮೊದಲೇ ಇತ್ತು. ಎಲ್ಲ ಮಹಜರುಗಳಲ್ಲೂ ಇರುತ್ತಿತ್ತು.

ನಮ್ಮ ಪ್ರಯೋಗಾಲಯದಲ್ಲಿ ಆ ನೀರಿನ ಬಣ್ಣ ಹೋಲಿಕೆಯ ಕೊನೆಯ ನಳಿಗೆಯನ್ನೂ ದಾಟಿತು. ನೂರು ಪಾಲು ನೀರು ಬೆರೆಸಿ ಅಳೆಯಬೇಕಾಯಿತು. ದೂರು ದಾಖಲಾಯಿತು. ನಾನು ಹಳ್ಳಿಗೆ ಹೋಗಿ ಆಕೆಗೆ ತಿಳಿಸಿದೆ. ಆಕೆ ಸೊಪ್ಪಿನ ಕಟ್ಟುಗಳಿಗೆ ಬಾಳೆನಾರು ಬಿಗಿಯುತ್ತ ಕೂತಿದ್ದರು.

“ಹಂಗಾರೆ ನಿಂತೋಯ್ತದಾ?”

“ಕೋರ್ಟು ತಡೆದ್ರೆ ನಿಲ್ಲುತ್ತೆ.”

“ಈ ಬಾವಿ ನಮ್ಮತ್ತೆ ತೋಡ್ಸಿದ್ದು. ಸಾಯೋವಾಗ ಮಗನ್ನ ನೋಡ್ಕೊ ಅನ್ಲಿಲ್ಲ ಆವಮ್ಮ, ಬಾವಿ ನೋಡ್ಕೊ ಅಂದ್ಳು. ಕೋರ್ಟಿಗೆ ನಾನೂ ಬತ್ತೀನಿ.”

ನಂತರ ಎರಡು ಸಂಗತಿ ನಡೆದವು. ಒಂದು, ಮೋರಿ ಮಾಯವಾಯಿತು. ಮುಂದಿನ ಭೇಟಿಯಲ್ಲಿ ಗೋಡೆಯ ಆ ಜಾಗಕ್ಕೆ ಹೊಸ ಇಟ್ಟಿಗೆ ಮೆತ್ತಿತ್ತು, ಹೊಂಡಕ್ಕೆ ಮಣ್ಣು ಬಿದ್ದಿತ್ತು. ಒಳಗೆ ಅಂಗಳಕ್ಕೆಲ್ಲ ಹೊಸ ಸಿಮೆಂಟು, ಸಾಲಾಗಿ ಕ್ರೋಟನ್ ಕುಂಡಗಳು. “ಎಲ್ಲ ರೀಸೈಕಲ್ ಮಾಡ್ತಿದೀವಿ ಸರ್, ಒಂದು ತೊಟ್ಟೂ ಹೊರಗೆ ಹೋಗಲ್ಲ,” ಅಂದರು ಮ್ಯಾನೇಜರು. ಕುಂಡಗಳ ಪಕ್ಕ ನಡೆಯುವಾಗ ಒಂದು ಕಡೆ ನನ್ನ ಬೂಟಿನ ಸದ್ದು ಬದಲಾಯಿತು. ಹಿಮ್ಮಡಿ ಕುಟ್ಟಿದೆ. ಟೊಳ್ಳು. ಮ್ಯಾನೇಜರು ನನ್ನ ಬೂಟನ್ನೇ ನೋಡುತ್ತಿದ್ದರು. ಆ ನೆಲ ಒಡೆಸಲು ಮೇಲಿನವರ ಅನುಮತಿ ಕೇಳಿ ಮೂರು ಪತ್ರ ಬರೆದೆ. ಉತ್ತರ ಬರಲಿಲ್ಲ. ಬಾವಿಯ ಹಳದಿ ಮಾತ್ರ ತಿಂಗಳಿಂದ ತಿಂಗಳಿಗೆ ಗಾಢವಾಗುತ್ತಿತ್ತು. ಅಂದರೆ ನಮ್ಮ ಕೈಯಲ್ಲಿ ಉಳಿದಿದ್ದು ಅಂದು ತೆಗೆದ ಆ ಒಂದೇ ಮಾದರಿ.

ಎರಡು, ಇನ್ನೊಂದು ಪ್ರಯೋಗಾಲಯದ ವರದಿ ಬಂತು. ಅಲ್ಲೂ ಮಿತಿ ಮೀರಿತ್ತು. ಆದರೆ ನಮ್ಮ ಅಂಕಿಯ ಐದನೇ ಒಂದು ಪಾಲೂ ಇರಲಿಲ್ಲ.

ನಮ್ಮ ವಕೀಲರ ಕೋಣೆ ಹಲಸೂರಿನಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲೆ. ಕೆಳಗೆ ಹಿತ್ತಾಳೆ ತಟ್ಟುವ ಸದ್ದಿಗೆ ಎಲ್ಲರೂ ಗಟ್ಟಿಯಾಗಿ ಮಾತಾಡಬೇಕು.

“ಒಂದೇ ನೀರಿನ ಎರಡು ಭಾಗ ಇಷ್ಟು ಬೇರೆ ಬೇರೆ ಹೇಗೆ ಬರುತ್ರೀ?” ಅಂದರು ವಕೀಲರು. “ಅವರು ಹಿಡಿಯೋದೇ ಇಲ್ಲಿ. ಕಾಯಿದೆಲಿ ಇರೋದು ‘ಮಾದರಿಯನ್ನು ಎರಡು ಭಾಗ ಮಾಡಿ’ ಅಂತ. ಎರಡು ಮಾದರಿ ತೆಗೀರಿ ಅಂತ ಇಲ್ಲ. ನೀವು ಜಗ್ಗಿನಲ್ಲಿ ತಗೊಂಡು ಎರಡು ಬಾಟಲಿಗೆ ಹಂಚಿದ್ರಿ ತಾನೆ?”

“ಹೌದು.”

ಹಾಗೆ ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ದೃಶ್ಯ ಕಣ್ಣ ಮುಂದಿತ್ತು: ನೀಲಿ ಅಂಚಿನ ಬಿಳಿ ಎನಾಮಲ್ ಜಗ್ಗು, ಮೂತಿಯ ಬಳಿ ಎನಾಮಲ್ ಕಿತ್ತು ಕಪ್ಪಾದ ಚುಕ್ಕೆ, ಗಾಳಿಗೆ ಓರೆಯಾಗಿ ಬಾಟಲಿಗೆ ಬೀಳುವ ಹಳದಿ ಧಾರೆ.

ಕಚೇರಿಗೆ ಬಂದು ನನ್ನ ನೋಟ್‌ಬುಕ್ ತೆಗೆದೆ. ಆ ದಿನದ ಪುಟದಲ್ಲಿ ಇದ್ದುದು ಇಷ್ಟು: ‘ಸೈರನ್ ನಂತರ ಹರಿವು. ಗಾಢ ಹಳದಿ. ನಾಲ್ಕೈದು ನಿಮಿಷದಲ್ಲಿ ತಿಳಿಯಾಯಿತು. ಎರಡು ಬಾಟಲು ತುಂಬಿದೆ. ಗಾಳಿ.’

ಎರಡು ಬಾಟಲು ತುಂಬಿದೆ. ಜಗ್ಗಿನಿಂದಲೋ ಮೋರಿಯಿಂದಲೋ ಬರೆದಿಲ್ಲ. ಆದರೆ ಹರಿವು ಬೇಗ ತಿಳಿಯಾಯಿತೆಂದು ಬರೆದಿದ್ದೆ. ಮೊದಲ ಬಾಟಲನ್ನು ಮೋರಿಗೆ ಅದ್ದಿ, ಬಿರಡೆ ಹಾಕಿ, ಎರಡನೆಯದನ್ನು ಅದ್ದುವಷ್ಟರಲ್ಲಿ ನೀರು ತೆಳುವಾಗಿದ್ದರೆ ಎರಡು ವರದಿಗಳ ಅಂತರಕ್ಕೆ ಕಾರಣ ಅದೇ ಆಗಿರಬಹುದು. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದೂ ಹಾಗೆಯೇ: ಒಮ್ಮೆ ಅದ್ದಿದ್ದನ್ನು ಎಂದೂ ನಂಬಬೇಡ, ಇನ್ನೊಮ್ಮೆ ಅದ್ದು, ಎರಡನ್ನೂ ಹೋಲಿಸು. ಆ ಅಭ್ಯಾಸ ನನ್ನ ಕೈಯಲ್ಲಿತ್ತು. ಕಾಯಿದೆಗೆ ಬೇಕಾಗಿದ್ದು ಅದರ ತಿರುಗುಮುರುಗು.

ಸಂಜೆ ಜೀಪಿನಲ್ಲಿ ಪುಲಿಕೇಶಿನಗರ ದಾಟುವಾಗ ಡ್ರೈವರನ್ನು ಸುಮ್ಮನೆ ಕೇಳುವಂತೆ ಕೇಳಿದೆ. “ಆ ದಿನ ಜಗ್ಗು ನಾನು ತಗೊಂಡು ಹೋಗಿದ್ನಲ್ಲ?”

“ಯಾವ ದಿನ ಸಾರ್?”

“ಜೀಪು ಕಾದಿತ್ತಲ್ಲ, ಆ ದಿನ.”

“ಅರೆ, ಜಗ್ಗು ಎಲ್ಲಿ ತಗೊಂಡು ಹೋದ್ರಿ? ನನ್ನ ಕೈಲಿತ್ತು. ರೇಡಿಯೇಟರಿಗೆ ನೀರು ಹೊಯ್ತಾ ಇದ್ದೆ. ನೀವು ಪೆಟ್ಟಿಗೆ ಎತ್ಕೊಂಡು ಹುಚ್ಚನ ಹಂಗೆ ಓಡಿದ್ರಿ. ‘ಸಾರ್ ಜಗ್ಗು, ಸಾರ್ ಜಗ್ಗು’ ಅಂತ ಕೂಗಿದೆ. ತಿರುಗ್ಲೇ ಇಲ್ಲ.” ಗೇರ್ ಬದಲಿಸಿ, “ಯಾಕೆ ಸಾರ್, ಏನಾದ್ರೂ ಗಡಬಡ?” ಅಂದ.

ಆಶ್ಚರ್ಯವೆಂದರೆ, ಅವನ ಮಾತು ಕೇಳಿದ ಮೇಲೂ ನನ್ನ ಕಣ್ಣ ಮುಂದಿನ ಜಗ್ಗು ಅಳಿಯಲಿಲ್ಲ. ಅವನ ಕೂಗು ನನಗೆ ನೆನಪೇ ಇಲ್ಲ. ಮಹಜರಿನ ಆ ಸಾಲನ್ನು ಎಷ್ಟೋ ಸಲ ಓದಿದ್ದೆ. ಓದಿದ್ದು ಯಾವಾಗ ನೋಡಿದ್ದಾಗಿ ಬದಲಾಯಿತೋ ತಿಳಿಯಲು ನನ್ನಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ.

ವಿಚಾರಣೆಯ ಹಿಂದಿನ ದಿನ ವಕೀಲರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ನೆನಪು ಏನು ಹೇಳುತ್ತೆ?”

“ಜಗ್ಗು ಅಂತ.”

“ಸಾಕ್ಷಿ ಹೇಳ್ಬೇಕಾದ್ದು ನೆನಪು ರೀ, ಡ್ರೈವರ್ ಹೇಳಿದ್ದಲ್ಲ. ಜಗ್ಗು ಅನ್ನಿ. ಸುಳ್ಳು ಹೇಳಿದ ಹಾಗಾಗಲ್ಲ.”

“ಆ ನೆನಪು ತಪ್ಪು ಅಂತ ನನಗೆ ಗೊತ್ತಿದೆ.”

“ಗೊತ್ತಿದೆಯಾ, ಅನುಮಾನ ಇದೆಯಾ?”

ಕೆಳಗೆ ಹಿತ್ತಾಳೆ ತಟ್ಟುವವನು ಒಂದು ಕ್ಷಣ ನಿಲ್ಲಿಸಿ ಮತ್ತೆ ಶುರುಮಾಡಿದ. ವಕೀಲರು ತಗ್ಗಿದ ದನಿಯಲ್ಲಿ ಹೇಳಿದರು: “ನೋಡಿ, ಆ ನೀರು ವಿಷ ಹೌದೋ ಅಲ್ವೋ? ಎರಡೂ ಬಾಟಲಲ್ಲಿ ಹೌದು. ನೀವು ಒಂದು ಸಲ ಅದ್ದಿದ್ರೋ ಎರಡು ಸಲ ಅದ್ದಿದ್ರೋ ಆ ಹೆಂಗಸಿನ ಬಾವಿಗೆ ಏನ್ರೀ ವ್ಯತ್ಯಾಸ?”

ಆದರೆ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಮೋರಿಯ ಬಳಿ ಮ್ಯಾನೇಜರು ನಿಂತು ನೋಡಿದ್ದರು. ನಾನು ಎರಡು ಸಲ ಅದ್ದಿದ್ದನ್ನು ಕಂಡೂ ಸುಮ್ಮನಿದ್ದು, ಅರಗಿಗೆ ಅಂಗೈ ಮರೆ ಹಿಡಿದಿದ್ದರು. ಸತ್ಯ ಗೊತ್ತಿದ್ದವರು ಅವರೊಬ್ಬರೇ. ಇಲ್ಲದ ಜಗ್ಗಿನ ಮೇಲೆ ನಾನು ಪ್ರಮಾಣ ಮಾಡಿದರೆ, ಮುಂದೆ ಆ ಕಾಯಿದೆಯಡಿ ನಾನು ತುಂಬುವ ಪ್ರತಿ ಬಾಟಲೂ ಅವರ ಕೈಯಲ್ಲಿರುತ್ತಿತ್ತು. ಇದು ತತ್ವವೋ ಭಯವೋ ಆಗ ಬೇರ್ಪಡಿಸಿ ನೋಡಲಿಲ್ಲ.

ಕೋರ್ಟಿನಲ್ಲಿ ಆಕೆ ಹಿಂದಿನ ಬೆಂಚಿನಲ್ಲಿ ರೇಷ್ಮೆಯ ಅಂಚಿನ ಸೀರೆಯುಟ್ಟು, ತೊಡೆಯ ಮೇಲೆ ಅದೇ ಚೊಂಬಿಟ್ಟುಕೊಂಡು ಕೂತಿದ್ದರು. ಎದುರು ವಕೀಲ ವಯಸ್ಸಿನಲ್ಲಿ ಚಿಕ್ಕವನು, ತುಂಬ ಸೌಮ್ಯ. ಎರಡೂ ವರದಿಯ ಅಂಕಿಗಳನ್ನು ನನ್ನಿಂದಲೇ ಓದಿಸಿದ.

“ಒಂದೇ ಮಾದರಿಯನ್ನ ಎರಡು ಭಾಗ ಮಾಡಿದಿರಿ. ಹೌದಾ?”

“ನನ್ನ ನೆನಪಿನಲ್ಲಿ ಹಾಗಿದೆ,” ಅಂದೆ. “ಆದರೆ ಆ ನೆನಪನ್ನ ನಂಬದೇ ಇರೋಕೆ ಕಾರಣಗಳಿವೆ.”

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. “ಇಲ್ಲಿ ತರ್ಕಶಾಸ್ತ್ರ ಬೇಡ. ಒಂದು ಸಲ ಮುಳುಗಿಸಿದಿರೋ, ಎರಡು ಸಲವೋ?”

ನಮ್ಮ ವಕೀಲರು ಫೈಲಿನಲ್ಲಿ ಮುಖ ತಗ್ಗಿಸಿದ್ದರು. ಕಿಟಕಿಯ ಪಕ್ಕ ಮ್ಯಾನೇಜರು ಕೂತಿದ್ದರು, ಅದೇ ಬಿಳಿ ಷರ್ಟು. ನನ್ನತ್ತ ನೋಡುತ್ತಿದ್ದ ಅವರ ಮುಖದಲ್ಲಿ ಆತಂಕವಿರಲಿಲ್ಲ, ಸಣ್ಣ ಕುತೂಹಲವಿತ್ತು.

“ಎರಡು ಸಲ,” ಅಂದೆ.

ಅಷ್ಟಕ್ಕೇ ಪ್ರಕರಣ ಮುಗಿಯಿತು. ತೀರ್ಪು ಬಂದದ್ದು ಕೆಲವು ವಾರಗಳ ಮೇಲೆ, ಆದರೆ ಅದರಲ್ಲಿ ಹೊಸದೇನೂ ಇರಲಿಲ್ಲ. ಮಾದರಿಯನ್ನು ಕಾಯಿದೆಯ ಪ್ರಕಾರ ಭಾಗ ಮಾಡಿಲ್ಲ, ವರದಿಗಳು ಸಾಕ್ಷ್ಯವಲ್ಲ.

ಹೊರಗೆ ಆಕೆ ನನಗಾಗಿ ಕಾದಿದ್ದರು. ಅರ್ಥವಾಗುವಂತೆ ಹೇಳಿದೆ. ಪೂರ್ತಿ ಕೇಳಿದರು.

“ನೀವು ಎರಡ್ ಸಲಿ ಮುಳುಗ್ಸಿದ್ದಕ್ಕೆ ಅವ್ರು ಬಿಟ್ಟಿದ್ದು ವಿಷ ಅಲ್ಲ ಅಂತಾಯ್ತಾ?”

“ಹಾಗಲ್ಲ…”

“ಹಂಗೇ ಸಾಮಿ. ಓದ್ದೋರು, ನೀವು ಬೇರೆ ಪದ ಇಟ್ಕೊಂಡಿರ್ತೀರಿ.” ಚೊಂಬಿನ ನೀರನ್ನು ಕೋರ್ಟಿನ ಅಂಗಳದ ಬೇವಿನ ಬುಡಕ್ಕೆ ಚೆಲ್ಲಲು ಬಗ್ಗಿದವರು ಏನೋ ಯೋಚಿಸಿ ಚೆಲ್ಲದೆ ಎತ್ತಿಕೊಂಡು ಹೊರಟರು.

ಕಾಯಿದೆಯನ್ನು ಮತ್ತೆ ಮೊದಲಿನಿಂದ ಓದಿದೆ. ನದಿ, ಕೆರೆಯ ಜೊತೆ ಬಾವಿ ಎಂಬ ಪದವೂ ಅದರಲ್ಲಿತ್ತು. ಬಾವಿ ಕೆಡುತ್ತಿದೆಯೆಂದು ತೋರಿಸಿದರೆ ಕೆಡಿಸುವವರನ್ನು ತಡೆಯಿರೆಂದು ಕೋರ್ಟನ್ನು ಕೇಳಬಹುದು. ಕಾರ್ಖಾನೆಯೊಳಗೆ ಮಾದರಿ ಸಿಗದಿದ್ದರೆ ಬಾವಿಯಿಂದಲೇ ತೆಗೆಯೋಣ ಅನಿಸಿತು. ಈ ಸಲ ಒಂದಕ್ಷರ ತಪ್ಪಬಾರದು. ವಕೀಲರು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಆ ಬೆಳಿಗ್ಗೆ ಡ್ರೈವರ್ ಜಗ್ಗನ್ನು ಎದೆಗವಚಿಕೊಂಡು ಬಂದ. “ಇವತ್ತು ರೇಡಿಯೇಟರ್ ಬಾಯಾರಿ ಸತ್ರೂ ಕೊಡಲ್ಲ ಸಾರ್.”

ಮುದ್ರಿತ ನಮೂನೆಯಲ್ಲಿ ನೋಟೀಸು ಯಾರಿಗೆ ಎಂಬಲ್ಲಿ ‘ಅನುಭೋಗದಾರರು’ ಎಂದಿತ್ತು. ಅಲ್ಲಿ ಆಕೆಯ ಹೆಸರು ಬರೆದೆ.

“ಅಂಗಂದ್ರೇನು?”

“ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರು.”

“ಅನುಭೋಗ!” ಅಂತ ನಕ್ಕರು. “ಅನುಭವ್ಸೋಳಂತೂ ನಾನೇ ಬಿಡಿ.” ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವರು ತಡೆದು, “ಆ ಮ್ಯಾನೇಜರು ಎರಡು ಭಾಗ ಕೇಳಿದ್ನಾ?” ಅಂದರು.

“ಕೇಳಿದ್ರು.”

“ಹಂಗಾರೆ ನನಗೂ ಎರಡು ಭಾಗ ಮಾಡಿ.”

ಒಂದೇ ಬಿಂದಿಗೆ ಸೇದಿದೆವು. ಅದರಿಂದ ಜಗ್ಗಿಗೆ, ಜಗ್ಗಿನಿಂದ ಎರಡು ಬಾಟಲಿಗೆ. ಆಕೆ ಎರಡನ್ನೂ ಬಿಸಿಲಿಗೆ ಹಿಡಿದು ಬಣ್ಣ ಒಂದೇ ಇದೆಯೆಂದು ಖಾತ್ರಿ ಮಾಡಿಕೊಂಡರು. ಅರಗು ಮೊದಲ ಕಡ್ಡಿಗೇ ಕರಗಿತು. ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಓದಿ ಹೇಳಿ, ಅದಕ್ಕೂ ಆಕೆಯ ಹೆಬ್ಬೆಟ್ಟು ಹಾಕಿಸಿದೆ. ಎರಡು ಪ್ರಯೋಗಾಲಯಗಳ ವರದಿಗಳೂ ದಶಮಾಂಶದವರೆಗೆ ಹೊಂದಿಕೊಂಡವು. ನನ್ನ ನೌಕರಿಯಲ್ಲಿ ಅಷ್ಟು ದೋಷವಿಲ್ಲದ ಕಾಗದವನ್ನು ನಾನು ಮತ್ತೆ ಮಾಡಲಿಲ್ಲ.

ಕೋರ್ಟು ಅದನ್ನು ಒಪ್ಪಿತು. ಬಾವಿ ಕೆಟ್ಟಿರುವುದು ಸಾಬೀತಾಗಿದೆ ಎಂದಿತು. ಯಾರು ಕೆಡಿಸಿದರು ಎಂಬುದು ಸಾಬೀತಾಗಿಲ್ಲ ಎಂದಿತು. ಕಾರ್ಖಾನೆಗೆ ಮೋರಿಯೇ ಇರಲಿಲ್ಲವಲ್ಲ. ವರದಿಯ ಒಂದು ಪ್ರತಿ ನಿಯಮದಂತೆ ಆರೋಗ್ಯಾಧಿಕಾರಿಗೆ ಹೋಯಿತು. ಅವರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ನೀರು ಕುಡಿಯಲು ಯೋಗ್ಯವಲ್ಲ. ಅನುಭೋಗದಾರರು ಬಾವಿಯನ್ನು ಕೂಡಲೇ ಮುಚ್ಚತಕ್ಕದ್ದು. ಆ ಕಾಯಿದೆಯಡಿ ನಾನು ಒಯ್ದ ಕಾಗದಗಳಲ್ಲಿ ಜಾರಿಯಾದ ಮೊದಲ ಆದೇಶ ಅದು.

ನಾವು ಹೋಗುವಷ್ಟರಲ್ಲಿ ಬಾವಿಯ ಬಾಯಿಗೆ ಕಲ್ಲಿನ ಚಪ್ಪಡಿಗಳು ಬಿದ್ದಿದ್ದವು. ದಾರಿಯಲ್ಲಿ ಒಂದು ಟ್ಯಾಂಕರ್ ನಿಂತಿತ್ತು. ಹಳ್ಳಿಯ ಹೆಂಗಸರು ಕೊಡ ಹಿಡಿದು ಸಾಲುಗಟ್ಟಿದ್ದರು. ಟ್ಯಾಂಕರಿನ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು, ಕೆಳಗೆ ‘ಉಚಿತ ಸೇವೆ’. ನೆಲಕ್ಕೆ ಚೆಲ್ಲಿದ ನೀರಿನಿಂದ ಅದೇ ಕ್ಲೋರಿನ್ ವಾಸನೆ ಬರುತ್ತಿತ್ತು.

ಆಕೆ ಸಾಲಿನಲ್ಲಿ ಇರಲಿಲ್ಲ. ಸೊಪ್ಪಿನ ಮಡಿಯಲ್ಲಿದ್ದರು. ನಮ್ಮನ್ನು ನೋಡಿ ಬಂದರು. ಜಗಳವಾಡುತ್ತಾರೆಂದುಕೊಂಡಿದ್ದೆ.

“ಆ ಪದಕ್ಕೆ ನಾನೇ ಹೆಬ್ಬೆಟ್ಟು ಒತ್ತಿದ್ದು ತಾನೆ,” ಅಂದರು. “ನಿಮ್ಮ ತಪ್ಪೇನಿಲ್ಲ ಬಿಡಿ. ಈ ಸಲಿ ಎಲ್ಲ ಸರಿಯಾಗೇ ಮಾಡಿದ್ರಿ.”

ಅವರ ಹಿಂದೆ ಪಂಪು ಓಡುತ್ತಿತ್ತು. ಚಪ್ಪಡಿಗಳ ನಡುವೆ ಒಂದು ಸಂದು ಬಿಟ್ಟು ಪೈಪು ಇಳಿಸಿದ್ದರು. ಕಾಲುವೆಯಲ್ಲಿ ನೀರು ದಂಟಿನ ಮಡಿಗೆ ಹರಿಯುತ್ತಿತ್ತು. ಬಿಸಿಲಿಗೆ ಅದರ ಬಣ್ಣ ಚೆನ್ನಾಗಿ ಕಾಣುತ್ತಿತ್ತು. ಮಡಿಯ ಅಂಚಿನಲ್ಲಿ ಮಾರ್ಕೆಟ್ಟಿಗೆಂದು ಕಟ್ಟಿಟ್ಟ ಸೊಪ್ಪಿನ ಸಾಲು.

“ಕುಡೀಬೇಡ ಅಂತ ಬರ್ದವ್ರೆ,” ಅಂದರು ನನ್ನ ನೋಟ ಹಿಡಿದು. “ಬೆಳೀಬೇಡ ಅಂತ ಬರ್ದಿಲ್ಲ.”

ಡ್ರೈವರ್ ಜೀಪಿನಿಂದ ಪೆಟ್ಟಿಗೆ, ಜಗ್ಗು ಎರಡನ್ನೂ ತಂದು ನನ್ನ ಪಕ್ಕ ನಿಂತ. “ತೆಗೀಲಾ ಸಾರ್?” ಅವನ ಮನೆಗೂ ಸೊಪ್ಪು ಬರುತ್ತಿದ್ದುದು ಶಿವಾಜಿನಗರದ ಮಾರ್ಕೆಟ್ಟಿನಿಂದಲೇ.

ಆಕೆ ಕಾಲುವೆಗೂ ನನಗೂ ನಡುವೆ ಬಂದು ನಿಂತರು. “ಇದಕ್ಕೂ ಅನುಭೋಗದಾರಳು ನಾನೇ ಅಲ್ವಾ ಸಾಮಿ?” ಅಂದರು.

ಮುಂದೆ ನಡೆದದ್ದು ನನಗೆ ತುಂಬ ಸ್ಪಷ್ಟವಾಗಿ ನೆನಪಿದೆ. ನಾನು ಡ್ರೈವರನ ಕೈಯಿಂದ ಜಗ್ಗು ತೆಗೆದುಕೊಂಡೆ. ಆಕೆ ಪಕ್ಕಕ್ಕೆ ಸರಿದರು. ಒಂದೇ ಸಲ ಮುಳುಗಿಸಿ ಎತ್ತಿದೆ. ನೀಲಿ ಅಂಚಿನವರೆಗೆ ಹಳದಿ ತುಂಬಿತ್ತು. ಅದನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಮಾಡಿದೆ.

ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಆ ದಿನದ ಪುಟದಲ್ಲಿ ಹಳ್ಳಿಯ ಹೆಸರಿದೆ, ನಾವು ತಲುಪಿದ ಹೊತ್ತಿದೆ. ಅದರ ಕೆಳಗೆ ಏನೂ ಬರೆದಿಲ್ಲ.